ಪೇಟಾ ಸುತ್ತಿದ ಮೊಮ್ಮಗ

"ಆ ಹುಡುಗೀನ ಮೊದಲ ಹೊರಗ ಹಾಕ್ರಿ!"

ಕಾಲಿನ ಚಪ್ಪಲಿ ಕಳಚುವ ಮೊದಲೇ ವಿರುಪಾಕ್ಷಪ್ಪ ಕೂಗಿದ. ಫೋಟೋ ತೆಗೆಯಲು ಬಂದಿದ್ದ ಅಣ್ಣಾಸಾಬ ಕ್ಯಾಮೆರಾ ಕೆಳಗಿಳಿಸಿದ.

ಮಗ ಅಮಿತ, ಗಂಡ ಸತ್ತ ಸುಗಂಧಾಳನ್ನು ಅವಳ ಕಂಕುಳ ಹೆಣ್ಣುಕೂಸಿನ ಸಮೇತ ಮದುವೆಯಾದ ದಿನದಿಂದ ಕರೋಶಿ ಊರಿನ ವಿರುಪಾಕ್ಷಪ್ಪ ಉಗಾರದ ಈ ಮಗನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಮೊಮ್ಮಗ ಹುಟ್ಟಿ ಮೂರು ವರ್ಷವಾದರೂ ಮುಖ ನೋಡಿರಲಿಲ್ಲ. ಆದರೆ ಹುಡುಗನಿಗೆ ತನ್ನದೇ ಹೆಸರಿಟ್ಟಿದ್ದಾರೆ, ನಾಳೆ ಅವನ ಜಾವಳ, ಹುಟ್ಟುಕೂದಲು ತೆಗೆಸುವ ಶಾಸ್ತ್ರ ಎಂದು ಕೇಳಿದ ಮೇಲೆ ಕಾಲು ನಿಲ್ಲಲಿಲ್ಲ. ದೀಪಾವಳಿ ಪಾಡ್ಯದ ಬೆಳಿಗ್ಗೆ, ಹೇಳದೆ ಕೇಳದೆ ಬಂದಿದ್ದ. ಸೊಂಟದಲ್ಲಿ ಬಂಗಾರದ ಸರ ಸಿಕ್ಕಿಸಿಕೊಂಡಿದ್ದ. ತನ್ನ ಅಪ್ಪ ತನಗೆ ಹಾಕಿದ ಸರ. ಅದು ಮೊಮ್ಮಗನ ಕೊರಳಿಗೆ ಬೀಳಬೇಕು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡ ಫೋಟೋ ಕರೋಶಿಯ ಮನೆಯ ಗೋಡೆಗೆ ಏರಬೇಕು. ಕಂಡವರ ಕೂಸಿನ ನೆರಳೂ ಅದರಲ್ಲಿ ಬೀಳಬಾರದು.

ಅಮಿತ ಕಾರ್ಖಾನೆಯ ಪಾಳಿಯಲ್ಲಿದ್ದ. ಮುದುಕನನ್ನು ತಡೆಯುವವರಿರಲಿಲ್ಲ.

ಪಡಸಾಲೆಯಲ್ಲಿ ಎರಡು ಮಕ್ಕಳು ನಿಂತಿದ್ದವು. ಒಂದಕ್ಕೆ ಜರಿಯ ಪೇಟಾ, ಧೋತರ, ರೇಷ್ಮೆ ಅಂಗಿ. ಅಂಗಿಯ ತೋಳು ಮೊಣಕೈಗೇ ನಿಂತಿತ್ತು. ಹೊಸ ಅಂಗಿ ಆಗಲೇ ಗಿಡ್ಡ! ಮೂರರ ಹುಡುಗನಿಗೆ ಐದರ ಮೈಕಟ್ಟು. ಮುದುಕನ ಎದೆ ಉಬ್ಬಿತು. ನಮ್ಮ ರಕ್ತ ಅಂದರೆ ಹೀಗೆ.

ಇನ್ನೊಂದಕ್ಕೆ ಮೊಗ್ಗಿನ ಜಡೆ, ಹಣೆಗೆ ಬೈತಲೆ ಬೊಟ್ಟು, ನೆಲ ಗುಡಿಸುವ ಲಂಗ. ಗಂಟು ಮುಖ. ಕೂಗಿದವನನ್ನು ದುರುಗುಟ್ಟಿ ನೋಡಿ, ಕೈಯಲ್ಲಿದ್ದ ಕರ್ಚಿಕಾಯಿಯನ್ನು ಅವನ ಕಾಲಿಗೇ ಎಸೆಯಿತು.

"ಅಬಬಬ, ಏನ ಸಿಟ್ಟಪ್ಪಾ ಇದಕ್ಕ! ಯಾರ ಬೀಜಾನೋ ಏನೋ."

"ಮಾವಾರ, ಅದು..." ಸುಗಂಧಾ ಮುಂದೆ ಬಂದಳು.

"ನಿನ್ನ ಕೇಳಿಲ್ಲ. ಬಾಯಿ ಮುಚ್ಚ."

ಅಣ್ಣಾಸಾಬ ತಲೆ ಕೆರೆದುಕೊಂಡ. "ಯಜಮಾನ್ರ, ಜಡಿ ಹಾಕಿದ ಕೂಸಿನ ಫೋಟೋಕ್ಕಂತನ ನನ್ನ ಕರಸ್ಯಾರ್ರಿ."

"ಸುಡುಗಾಡ ಫೋಟೋ! ಆ ಪರದೇಶಿಗೆ ಹಬ್ಬದ ದಿನಾ ಇಷ್ಟ ಸಿಂಗಾರ ಬೇಕಾಗಿತ್ತೇನ?"

"ಒಂದ ಮಾತ ಹೇಳಾಕರ ಬಿಡ್ರಿ," ಎಂದಳು ಸುಗಂಧಾ.

"ಒಂದ ಅಕ್ಷರ ಆಡಿದ್ರ ಹಿಂಗ ಹೊಳ್ಳಿ ಹೋಗತೀನಿ. ನಾ ಸತ್ತರೂ ನೀವ್ಯಾರೂ ಮಣ್ಣಿಗೆ ಬರಬ್ಯಾಡ್ರಿ."

ಸುಗಂಧಾ ಅವನನ್ನು ನೋಡಿದಳು. ಪೇಟಾದ ಮಗುವನ್ನು ನೋಡಿದಳು. ತುಟಿ ಬಿಗಿಯಿತು.

"ಆತ್ರಿ. ಹೊರಗ ಹಾಕಾವ್ರು ನೀವ. ಹೊಳ್ಳಿ ಕರಿಯಾವ್ರೂ ನೀವ ಆಗತೀರಿ."

"ನನ್ನ ಕಾಲಾಗಿನ ಚಪ್ಪಲಿ ಕರೀತೈತಿ!"

ಮುದುಕ ಜಡೆಯ ಮಗುವಿನ ರೆಟ್ಟೆ ಹಿಡಿದು ಅಂಗಳಕ್ಕೆ ನೂಕಿ ಅಗಳಿ ಜಡಿದ. ಹೊರಗಿನಿಂದ ಬಾಗಿಲಿಗೆ ಒದೆ ಬೀಳತೊಡಗಿತು. ಅಳುವಲ್ಲ, ಬರೀ ಒದೆ.

ಮುದುಕ ಬಂದು ಕೂತ. ಪೇಟಾದ ಮಗು ಮೆಲ್ಲಗೆ ಅವನ ತೊಡೆ ಏರಿತು. ಎಲ್ಲಿ ಇಳಿಸಿಬಿಡುತ್ತಾರೋ ಎಂಬಂತೆ ಉಸಿರು ಬಿಗಿಹಿಡಿದು ಕೂತಿತು. ಅದರ ಕೈ ಅವನ ಹೆಬ್ಬೆರಳನ್ನು ಹಿಡಿದದ್ದು ಬಿಡಲೇ ಇಲ್ಲ. ಮುದುಕ ಸರ ತೆಗೆದು ಆ ಕೊರಳಿಗೆ ಹಾಕಿದ.

"ಕೇಳ್ರಿ. ಪಾಡ್ಯದ ದಿನಾ ಕೊರಳಿಗೆ ಹಾಕಿದ್ದು ನಮ್ಮ ಮನ್ಯಾಗ ಯಾರೂ ಹೊಳ್ಳಿ ತಗಿಯಾಂಗಿಲ್ಲ. ಇವತ್ತಿನಿಂದ ಈ ಕೂಸು ನಂದು. ಬ್ಯಾರೇದು ಅಂದಾವನ ನಾಲಿಗಿ ಸೀಳತೀನಿ."

ಸುಗಂಧಾ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಮನೀ ದೇವರ ಆಣಿ ಮಾಡಿ ಹೇಳ್ರಿ, ಮಾವಾರ."

"ಮನೀ ದೇವರ ಆಣಿ! ಹೂಂ, ಹೊಡಿಯೋ ಫೋಟೋ."

ಕ್ಯಾಮೆರಾ ಮಿಂಚಿತು.

ಸುಗಂಧಾ ಹೋಗಿ ಅಗಳಿ ಸರಿಸಿದಳು. "ವಿರುಪಾಕ್ಷಾ, ಒಳಗ ಬಾರೋ ನಮ್ಮಪ್ಪ. ನಾಳಿ ಜಾವಳಾ ಆದ್ರ ಈ ಜಡಿ ಇರೂದಿಲ್ಲ, ಇವತ್ತ ಫೋಟೋ ಆಗಬೇಕು. ನಿನ್ನ ಪೇಟಾ ಅಕ್ಕನ ತಲೀಮ್ಯಾಲೇ ಇರಲಿ."

ಮೊಗ್ಗಿನ ಜಡೆ ಬೀಸುತ್ತ, ಅಕ್ಕನ ಲಂಗ ಎಡವುತ್ತ, ಅಜ್ಜನ ಹೆಸರಿನ ಹುಡುಗ ಒಳಗೆ ನುಗ್ಗಿ ಬಂದು, ಅಕ್ಕ ಕೂತಿದ್ದ ತೊಡೆಗೆ ಬಲವಾಗಿ ಒಂದು ಗುದ್ದು ಕೊಟ್ಟ.