ಕೊಸ್ಮಿನ್‌ಗೆ ಸೇರಬೇಕಾದ ಫೋನು

"ಬಿಸಿಲಿಗೆ ಹಿಡಿ, ನೋಡೋಣ" ಎಂದಳು ವೆತಾ.

ರೆಮುಸ್ ಫೋನನ್ನು ಅಂಗಡಿಯ ಬಾಗಿಲಾಚೆಗೆ ಚಾಚಿದ. ಕರಕಾಲ್ ಪೇಟೆಯ ಆಗಸ್ಟ್ ಬಿಸಿಲು ತೆರೆಯ ಮೇಲೆ ನೇರ ಬಿತ್ತು.

"ಕಾಣಿಸ್ತಾ?"

"ಕಾಣಿಸ್ತು ಚಿಕ್ಕಮ್ಮ."

"ಮೊದಲನೇದು ಮಸುಕಾಗಿತ್ತು. ಅದು ಬೇಡ."

ಮಾರುವ ಹುಡುಗಿ ಓವಾನಾ ಆಗಲೇ ನಾಲ್ಕು ಫೋನು ಹೊರಗೆ ತೆಗೆದಿದ್ದಳು. ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡ ಹೆಂಗಸನ್ನೊಮ್ಮೆ, ಇಪ್ಪತ್ತೆರಡರ ರೆಮುಸ್‌ನನ್ನೊಮ್ಮೆ ನೋಡಿ, "ಮಗನಿಗಾ?" ಎಂದಳು.

"ಮಗನಿಗೇ. ದಿನಾ ಬಳಸೋಕೆ" ಎಂದಳು ವೆತಾ.

ರೆಮುಸ್ ತಿದ್ದಲಿಲ್ಲ. ವೆತಾಳ ಮಗ ಕೊಸ್ಮಿನ್ ತೀರಿಕೊಂಡು ಮೂವತ್ತೆಂಟು ದಿನವಾಗಿತ್ತು. ನಲವತ್ತನೆಯ ದಿನ ಸತ್ತವನ ಹೆಸರಿನಲ್ಲಿ ಕೊಟ್ಟದ್ದೆಲ್ಲ ಅವನಿಗೆ ಅಲ್ಲಿ ಸೇರುತ್ತದೆ ಎಂಬುದು ಊರಿನ ನಂಬಿಕೆ. ಅಂಗಿ, ಹಾಸಿಗೆ, ತಟ್ಟೆ, ಈಗೀಗ ಫೋನು ಕೂಡ. ಒಂದೇ ಷರತ್ತು: ಪಡೆದವನು ಅದನ್ನು ಬಳಸಬೇಕು. ಅವನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಸತ್ತವನ ಕೈ ಖಾಲಿ. ಅದಕ್ಕೇ ಸತ್ತವನ ವಯಸ್ಸಿನ, ಮೈಕಟ್ಟಿನ ಒಬ್ಬನನ್ನು ಹುಡುಕುತ್ತಾರೆ. ವೆತಾ ಹುಡುಕಲೇ ಇಲ್ಲ. ನೇರ ಮಗನ ಗೆಳೆಯ ರೆಮುಸ್‌ನ ಮನೆಗೆ ಬಂದು, "ನೀನೇ" ಎಂದಿದ್ದಳು.

ರೆಮುಸ್‌ಗೆ ಅದು ಬಿಸಿತುಪ್ಪವಾಗಿತ್ತು. ಅಂಗಿಯಾದರೆ ಎರಡು ಬೇಸಿಗೆಗೆ ಹರಿದುಹೋಗುತ್ತದೆ. ಫೋನು ಹಗಲೆಲ್ಲ ಅಂಗೈಯಲ್ಲೇ ಇರುತ್ತದೆ. ಹೇಗಾದರೂ ಇದರಿಂದ ತಪ್ಪಿಸಿಕೊಳ್ಳಬೇಕು ಎಂಬುದೊಂದೇ ಅವನಿಗಿದ್ದ ಆಸೆ. ಉಳಿದಂತೆ ಈ ಮೂವತ್ತೆಂಟು ದಿನದಲ್ಲಿ ಅವನಿಗೆ ಏನೂ ತಟ್ಟಿರಲಿಲ್ಲ. ಹಸಿವೂ ಇಲ್ಲ, ಅಳುವೂ ಇಲ್ಲ. ಆದರೆ ಸತ್ತವನ ವಸ್ತುವನ್ನು ಬೇಡ ಎಂದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

"ಅಗ್ಗದ್ದು ಸಾಕು ಚಿಕ್ಕಮ್ಮ" ಎಂದ.

"ಅಗ್ಗದ್ದು ಎರಡು ವರ್ಷಕ್ಕೆ ಸಾಯುತ್ತೆ. ಎರಡು ವರ್ಷ ಸಾಲದು."

"ಹಾಗಾದ್ರೆ ಇದು ನೋಡಿ" ಎಂದು ಓವಾನಾ ದುಬಾರಿಯದನ್ನು ಮುಂದೆ ತಳ್ಳಿದಳು.

"ಅದು ಬೇಡ. ಒಡೆದೀತು ಅಂತ ಹೆದರಿ ಒಳಗೆ ಇಟ್ಬಿಡ್ತಾನೆ. ನಡುವಿಂದು ಕೊಡು." ವೆತಾ ಆಗ ಬಿಸಿಲಿಗೆ ಹಿಡಿಸಿದ್ದ ಫೋನನ್ನೇ ಮತ್ತೆ ಎತ್ತಿಕೊಂಡಳು. "ಬೆಳಗ್ಗೆಯಿಂದ ಸಂಜೆ ತನಕ ಬರುತ್ತಾ ಇದು?"

"ಮಾರನೇ ಬೆಳಗ್ಗೆ ತನಕಾನೂ ಬರುತ್ತೆ."

"ಬಿದ್ರೆ?"

"ಗಟ್ಟಿ ಗಾಜು."

"ಬೀಳಿಸಿ ನೋಡ್ಲಾ?"

"ಬೇಡಮ್ಮ, ನನ್ನ ಕೆಲಸ ಹೋಗುತ್ತೆ."

ವೆತಾ ನಗಲಿಲ್ಲ. "ಮುಂದೆ ಒಂದು ಚಿತ್ರ ಹಾಕ್ತಾರಲ್ಲ, ಅದು ಪ್ರತಿ ಸಲಾನೂ ಕಾಣುತ್ತಾ?"

"ಮುಟ್ಟಿದ್ರೆ ಸಾಕು, ಕಾಣುತ್ತೆ. ದೊಡ್ಡದಾಗಿ."

"ಹಾಗಾದ್ರೆ ಇದೇ ಇರಲಿ" ಎಂದು ವೆತಾ ಚೀಲದಿಂದ ಕರವಸ್ತ್ರದ ಗಂಟು ತೆಗೆದಳು. ಒಳಗೆ ಕೊಸ್ಮಿನ್‌ನ ಹಳೆಯ ಫೋನು ಇತ್ತು. ಗಾಜು ಚೂರು ಚೂರಾಗಿತ್ತು. "ಇದರಲ್ಲಿರೋದನ್ನೆಲ್ಲ ಅದಕ್ಕೆ ಹಾಕು."

ರೆಮುಸ್ ಥಟ್ಟನೆ ಬಾಯಿ ಹಾಕಿದ. "ಹಳೇದು ಯಾಕೆ ಚಿಕ್ಕಮ್ಮ? ಹೊಸದು ಖಾಲಿಯಾಗೇ ಇರಲಿ."

"ಅವನ ಫೋಟೋ ಅವನಿಗೆ ಬೇಡ್ವಾ?"

"ಒಡೆದು ಹೋಗಿದೆಯಲ್ಲ."

"ಗಾಜು ಒಡೆದಿದೆ. ಫೋನು ಹತ್ತುತ್ತೆ."

ಹಳೆಯ ಫೋನು ತೆರೆಯುವ ಗುಟ್ಟಿನ ಅಂಕಿ ತನ್ನದೇ ಹುಟ್ಟಿದ ದಿನ ಎಂದು ವೆತಾ ಓವಾನಾಗೆ ಹೇಳಿದಳು. ಮಗ ಇಟ್ಟುಕೊಂಡಿದ್ದ ಅಂಕಿ ಅದು. ಆಮೇಲೆ ರೆಮುಸ್ ಕಡೆ ತಿರುಗಿ, "ಎದುರಂಗಡೀಲಿ ಮೇಣದಬತ್ತಿ ತಗೊಂಡು ಬಾ" ಎಂದಳು. ಅವನು ತಂದಾಗ ಹೊಸ ಫೋನಿನ ಡಬ್ಬಿ ಮುಚ್ಚಿ, ಬಿಳಿ ಟವೆಲ್ಲು ಸುತ್ತಿ ಆಗಿತ್ತು.

ನಲವತ್ತನೆಯ ದಿನ ವೆತಾಳ ಅಂಗಳದಲ್ಲಿ ಉದ್ದನೆಯ ಮೇಜು ಹಾಕಿದ್ದರು. ಪಾದ್ರಿ ಪ್ರಾರ್ಥನೆ ಮುಗಿಸಿ ಕೂತಿದ್ದ. ಸಿಹಿಗೋದಿ ಹಂಚಿ, ಎಲೆಕೋಸಿನ ಸುರುಳಿ ಬಡಿಸಿ ಆಗಿತ್ತು. ವೆತಾಳ ಅಣ್ಣ ಗೋಗು ಎರಡನೇ ಲೋಟ ಪ್ಲಮ್ ಸಾರಾಯಿಗೇ ಮಾತಿನ ಮಲ್ಲನಾಗಿದ್ದ.

"ನಮ್ಮ ಹುಡುಗ ಅಂತ ಮುಚ್ಚಿಡೋದೇನು? ಆ ಕಾರು ಕೊಂಡ ದಿನಾನೇ ಹೇಳಿದ್ದೆ. ಹಾಗೆ ಓಡಿಸಿದ್ರೆ ಇನ್ನೇನಾಗುತ್ತೆ? ತಾನೂ ಹೋದ, ಇವನನ್ನೂ ಕರ್ಕೊಂಡು ಹೋಗ್ತಿದ್ದ." ರೆಮುಸ್‌ನ ಬೆನ್ನು ತಟ್ಟಿದ. "ನೀನು ದೊಡ್ಡ ಮನಸ್ಸಿನವನು ಕಣಪ್ಪ. ಸಿಟ್ಟು ಇಟ್ಕೊಳ್ದೆ ಬಂದೆ."

ಆ ಮಧ್ಯಾಹ್ನದ ಅಪಘಾತದ ಬಗ್ಗೆ ಪೊಲೀಸರು ಬರೆದ ಕಾಗದದಲ್ಲೂ ಹಾಗೇ ಇತ್ತು. ಕಾರು ಕೊಸ್ಮಿನ್‌ನದು. ಇಬ್ಬರೂ ಹೊರಗೆ ಎಸೆಯಲ್ಪಟ್ಟು ಸೂರ್ಯಕಾಂತಿ ಹೊಲದಲ್ಲಿ ಬಿದ್ದಿದ್ದರು. ಓಡಿಸಿದ್ದು ಯಾರು ಎಂದು ಕೇಳಿದ್ದಕ್ಕೆ ಉತ್ತರ ಕೊಡಲು ಉಳಿದವನು ರೆಮುಸ್ ಒಬ್ಬನೇ. ಅಂದಿನಿಂದ ಊರು ವೆತಾಳನ್ನು ಕಂಡರೆ ಮರುಗುತ್ತಿತ್ತು, ಅವಳ ಮಗನನ್ನು ಮಾತ್ರ ಬೈಯುತ್ತಿತ್ತು. ವೆತಾ ಅಣ್ಣನ ತಟ್ಟೆಗೆ ಇನ್ನೊಂದು ಸುರುಳಿ ಬಡಿಸಿದಳು.

ಆಮೇಲೆ ಟವೆಲ್ಲು ಸುತ್ತಿದ ಡಬ್ಬಿಯನ್ನೂ ಹೊತ್ತಿಸಿದ ಮೇಣದಬತ್ತಿಯನ್ನೂ ಮೇಜಿನ ಮೇಲಿಂದ ಚಾಚಿದಳು.

"ತಗೋ ರೆಮುಸ್. ಇದು ಕೊಸ್ಮಿನ್‌ಗೆ ಸೇರಲಿ."

ಪಡೆಯುವವನು ಹೇಳಬೇಕಾದ ಮಾತನ್ನು ಅವನು ಹೇಳಿದ. "ದೇವರು ಅವನನ್ನು ಕ್ಷಮಿಸಲಿ."

"ದಿನಾ ಬಳಸ್ತೀಯಾ?"

"ಬಳಸ್ತೀನಿ ಚಿಕ್ಕಮ್ಮ."

"ಪಾದ್ರಿಗಳ ಮುಂದೆ ಹೇಳಿದೀಯ." ವೆತಾ ಅವನನ್ನೇ ನೋಡುತ್ತಿದ್ದಳು. "ಹೊತ್ತಿಸು. ಎಲ್ಲರೂ ನೋಡ್ಲಿ."

ಗೋಗು ಕತ್ತು ಚಾಚಿದ. ಪಾದ್ರಿ ಕನ್ನಡಕ ಹಾಕಿಕೊಂಡ. ಕೊಸ್ಮಿನ್‌ನ ಮುಖ ಇರುತ್ತದೆ ಎಂದು ರೆಮುಸ್ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಒಂದು ಮುಖವನ್ನು ದಿನಾ ನೋಡಿ ಬದುಕಬಹುದು ಎಂದುಕೊಂಡಿದ್ದ. ಹೆಬ್ಬೆರಳಿಂದ ತೆರೆಯನ್ನು ಮುಟ್ಟಿದ.

ಕೊಸ್ಮಿನ್ ಆ ಮಧ್ಯಾಹ್ನ ಪಕ್ಕದ ಸೀಟಿನಲ್ಲಿ ಕೂತು ತೆಗೆದ ಕೊನೆಯ ಚಿತ್ರ ಬೆಳಗಿತು: ಕಿಟಕಿಯಾಚೆ ಸೂರ್ಯಕಾಂತಿ ಹೊಲ, ಈಚೆ ಸ್ಟೀರಿಂಗ್ ಹಿಡಿದು ನಗುತ್ತಿರುವ ರೆಮುಸ್.