ಹಾರ ಬಿದ್ದ ಡ್ರಮ್ಮು

ಚನ್ನೇಶ ಮೂರನೆಯ ಡ್ರಮ್ಮಿನಿಂದ ಚೆಂಡುಹೂವಿನ ಹಾರ ಬಿಚ್ಚಿ ನಾಲ್ಕನೆಯದಕ್ಕೆ ಹಾಕಿದ. ಒದ್ದೆ ಬಟ್ಟೆಯಲ್ಲಿ ಒಂದರ ವಿಭೂತಿ ಒರೆಸಿ ಇನ್ನೊಂದಕ್ಕೆ ಬಳಿದ. ಗೇಟಿನಾಚೆ ಕಾರಿನ ಹಾರ್ನ್ ಕೇಳಿತು.

ಹಳೇಬೀಡಿನ ಆ ಗೋಡೌನಿನಲ್ಲಿ ಕೇಬಲ್ ಡ್ರಮ್ಮುಗಳು ಆರು. ನೋಡಲು ಎಲ್ಲವೂ ಒಂದೇ ಥರ. ಒಂದರಲ್ಲಿ ಮಾತ್ರ ಒಳ್ಳೆಯ ಮಾಲು. ಉಳಿದ ಐದರಲ್ಲಿ ತಂತಿಯ ಮೇಲಿನ ಹೊದಿಕೆ ಕಳಪೆ. ಹನ್ನೊಂದು ಸಾವಿರ ವೋಲ್ಟಿನ ಕರೆಂಟು ಹರಿದು ಬಿಸಿಯೇರಿದರೆ ಹೊದಿಕೆ ಕರಗಿ, ಆ ಕರೆಂಟು ನೆಲಕ್ಕಿಳಿಯುತ್ತದೆ. ಇದು ಗೊತ್ತಿದ್ದವರು ಇಬ್ಬರೇ: ಕಂಟ್ರಾಕ್ಟರ್ ಜಯದೇವಪ್ಪ ಮತ್ತು ಅವರ ಸ್ಟೋರ್ ಕೀಪರ್ ಚನ್ನೇಶ.

ಪೂಜೆಯಾದ ಡ್ರಮ್ಮನ್ನೇ ಮೊದಲು ಬಿಚ್ಚುವುದು ಇಲ್ಲಿನ ವಾಡಿಕೆ. ಪರೀಕ್ಷೆಗೂ ಅದರ ತುಂಡೇ. ಹಾರ ಬಿದ್ದದ್ದನ್ನು ಬಿಟ್ಟು ಬೇರೆಯದನ್ನು ಕತ್ತರಿಸಿದರೆ ಅಪಶಕುನವೆಂದು ಓದು ಕಲಿತ ಎಂಜಿನಿಯರುಗಳೂ ಸುಮ್ಮನಾಗಿಬಿಡುತ್ತಾರೆ. ಹಾಗಾಗಿ ಎಲ್ಲವೂ ಆ ಹಾರದ ಮೇಲೆ ನಿಂತಿತ್ತು. ಎಡವಟ್ಟಾದರೆ ಚನ್ನೇಶನ ಹನ್ನೆರಡು ವರ್ಷದ ಕೆಲಸ ಇವತ್ತಿಗೇ ಮುಗಿಯಿತು.

ಜಯದೇವಪ್ಪ, ಕೇಬಲ್ ಪರೀಕ್ಷಿಸಲು ಬಂದ ವಿದ್ಯುತ್ ಇಲಾಖೆಯ ಎಂಜಿನಿಯರ್ ಮೇಘಶ್ರೀಯನ್ನು ಕರೆದುಕೊಂಡು ಒಳಗೆ ಬಂದರು.

"ಏನ್ಲಾ ಚನ್ನೇಶ, ಎಲ್ಲಾ ಸರಿಯಾಗೈತಾ?"

"ಹಾರ ಎಲ್ಲಿರ್ಬೇಕೋ ಅಲ್ಲೇ ಐತೆ ಯಜಮಾನ್ರೇ."

ಜಯದೇವಪ್ಪ ಚೆಂಡುಹೂವಿನತ್ತ ಕಣ್ಣು ಹಾಯಿಸಿ ನಿರಾಳರಾದರು.

"ಈ ಲೈನ್ ಎಲ್ಲಿ ಹೋಗುತ್ತೆ?" ಮೇಘಶ್ರೀ ಕೇಳಿದಳು.

"ಬಸ್ತಿಹಳ್ಳಿ ಅಂಗನವಾಡಿ ಗೋಡೆ ಪಕ್ಕದಾಗೆ ಮೇಡಂ. ನಮ್ ಚನ್ನೇಶನ ಹೆಂಡ್ತಿ ಪ್ರತಿಮಾನೇ ಅಲ್ಲಿ ಟೀಚರ್ರು. ಅಂಥಾ ಕಡೆ ಕಳಪೆ ಹಾಕ್ತೀವಾ?"

ಚನ್ನೇಶ ತಲೆ ತಗ್ಗಿಸಿದ.

ನಾಲ್ಕನೆಯ ಡ್ರಮ್ಮಿನಿಂದ ತುಂಡು ಕತ್ತರಿಸಿದ್ದಾಯಿತು. ಮೇಘಶ್ರೀ ಬಿಳಿ ಹೊದಿಕೆಯನ್ನು ತೆಳ್ಳಗೆ ಹೆರೆದು ಇಕ್ಕಳದಲ್ಲಿ ಹಿಡಿದಳು. ಅದಕ್ಕೆ ಹೀಟ್‌ಗನ್ನಿನ ಬಿಸಿಗಾಳಿ ಬಿಟ್ಟಳು.

"ಒಳ್ಳೇದಾದ್ರೆ ಮೆತ್ತಗಾಗುತ್ತೆ, ಆದ್ರೆ ಕರಗಿ ಹರಿಯಲ್ಲ."

"ಚೆನ್ನಾಗಿ ನೋಡಿ ಮೇಡಂ," ಜಯದೇವಪ್ಪ ನಕ್ಕರು.

ಚೂರು ಮುದುರಿತು. ಆಮೇಲೆ ಮೇಣದ ಹಾಗೆ ತೊಟತೊಟ ನೆಲಕ್ಕೆ ಬಿತ್ತು.

"ಆರೂ ವಾಪಸ್ ಹೋಗ್ಲಿ," ಎಂದು ಮೇಘಶ್ರೀ ಪೆನ್ನು ತೆಗೆದಳು.

ಜಯದೇವಪ್ಪನವರ ಮುಖ ಬಿಳುಚಿಕೊಂಡಿತು. ಚನ್ನೇಶನ ತೋಳು ಹಿಡಿದು ಮೂಲೆಗೆ ಎಳೆದರು. "ಪೂಜೆ ಹೊತ್ನಾಗೆ ನಾನೇ ತಪ್ಪು ಡ್ರಮ್ಮಿಗೆ ಹಾರ ಹಾಕ್ಬಿಟ್ನೇನ್ಲಾ?"

"ಇಲ್ಲ ಯಜಮಾನ್ರೇ. ಬೆಳಿಗ್ಗೆ ನೀವು ಒಳ್ಳೇದಕ್ಕೇ ಹಾಕಿದ್ರಿ."