ಇಂಜಿನ್ ಪಕ್ಕದ ಮನುಷ್ಯ

ರಿಮೋಟಿನ ಗುಂಡಿ ತೀರ ಸಣ್ಣದು, ಉಗುರಿನ ತುದಿಗಷ್ಟೇ ಸಿಗುವಂಥದ್ದು. ಕೃಷ್ಣಾನಂದ ಒಮ್ಮೆ ಅಡುಗೆಮನೆಯ ಕಡೆ ಕಿವಿಗೊಟ್ಟ. ಬೊಮ್ಮಯ್ಯನೂ ಆ ಅರ್ಚಿತಾಳೂ ಒಳಗೆ ಚಾ ಕುಡಿಯುತ್ತ ನಗುತ್ತಿದ್ದರು. ಜಗಲಿಯ ಮೇಲೆ ರಿಮೋಟು ಒಂದೇ ಇತ್ತು. ಉಗುರು ಹಾಕಿ ಗುಂಡಿಯನ್ನು ಇನ್ನೊಂದು ಬದಿಗೆ ಸರಿಸಿದ. ಆಮೇಲೆ ಏನೂ ಅರಿಯದವನ ಹಾಗೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟ.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೊಂದು ಚಂದದ ಹೆಸರಿಡುವ ಗೋಜಿಗೆ ಅವನು ಹೋಗಲಿಲ್ಲ.

ಮಂಕಿ ಊರಿನ ಬೊಮ್ಮಯ್ಯ ಲೇತ್ ಮಷಿನ್ನಿನ ಮುಂದೆಯೇ ತಲೆ ಹಣ್ಣು ಮಾಡಿಕೊಂಡವನು. ಅಂಗಡಿ ಮುಚ್ಚಿದ ಮೇಲೆ ಹಿತ್ತಾಳೆ, ತಾಮ್ರ ಸೇರಿಸಿ ಮೊಳದುದ್ದದ ಉಗಿ ಇಂಜಿನ್ ಮಾಡಿದ್ದ. ಯಾರಾದರೂ ಆಟಿಕೆ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಒಳಗೆ ಸ್ಪಿರಿಟ್ ದೀಪ ಉರಿದು, ನೀರು ಕುದಿದು, ನಿಜವಾದ ಉಗಿಯಿಂದಲೇ ಓಡುವ ಇಂಜಿನ್ ಅದು. ತೆಂಗಿನ ಬುಡಗಳನ್ನು ಬಳಸಿಕೊಂಡು ಅಂಗಳದ ತುಂಬ ಹಳಿ ಹಾಸಿದ್ದ. ಆದರೆ ಇಂಜಿನ್ನಿಗೆ ಬುದ್ಧಿ ಎಲ್ಲಿಂದ ಬರಬೇಕು? ಏರು ಬಂದರೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಹುಚ್ಚು ಹಿಡಿದಂತೆ ಓಡಿ ತಿರುವಿನಲ್ಲಿ ಮಗುಚುತ್ತಿತ್ತು. ಪಕ್ಕದಲ್ಲಿ ಒಬ್ಬ ಬಗ್ಗಿ ನಡೆಯುತ್ತ, ಉಗಿಯ ಕವಾಟವನ್ನು ಬೆರಳಿನಿಂದ ಇಷ್ಟಿಷ್ಟೇ ತಿರುಗಿಸುತ್ತಿರಬೇಕು.

ಆ ಒಬ್ಬ ಕೃಷ್ಣಾನಂದ. ವರ್ಷಗಳಿಂದ ಅವನೇ. ಬೆರಳ ತುದಿ ಸುಟ್ಟು ಸುಟ್ಟು ದಡ್ಡುಗಟ್ಟಿತ್ತು. ಭಟ್ಕಳದಿಂದ, ಹೊನ್ನಾವರದಿಂದ ನೋಡಲು ಬಂದವರು "ಮಾಡಿದವ ಬೊಮ್ಮಯ್ಯ, ಓಡಿಸುವವ ಕೃಷ್ಣಾನಂದ" ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವನು ವಾರವಿಡೀ ಕಾಯುತ್ತಿದ್ದದ್ದು ಭಾನುವಾರದ ಆ ಮಾತಿಗೆ. ಅವನದು ಅಂತ ಉಳಿದಿದ್ದ ಜಾಗ ಅದೊಂದೇ.

ಅಲ್ಲಿಗೆ ಈಗ ಕುಮಟಾದಿಂದ ಅರ್ಚಿತಾ ಬಂದು ಕೂತಿದ್ದಳು. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಇಂಜಿನ್ನಿನ ಹಿಂದಿನ ಪೆಟ್ಟಿಗೆಯಲ್ಲಿ ಬ್ಯಾಟರಿ ಅಡಗಿಸಿ, ಕವಾಟಕ್ಕೊಂದು ಪುಟ್ಟ ಮೋಟರು ಕಟ್ಟಿ, ರಿಮೋಟು ಹಿಡಿದು ನಿಂತಿದ್ದಳು. ಅದರ ನಡುವೆ ನಿಂತ ಕಡ್ಡಿಯನ್ನು ಮೇಲೆ ದೂಡಿದರೆ ಉಗಿ ಬಿಡುತ್ತದೆ, ಕೆಳಗೆ ಎಳೆದರೆ ನಿಲ್ಲಿಸುತ್ತದೆ. "ಇನ್ನು ಯಾರೂ ಇದರ ಸಂಗಡ ಓಡೂದು ಬೇಡ" ಎಂದಿದ್ದಳು. ಬೊಮ್ಮಯ್ಯ ಖುಷಿಯಿಂದ ತಲೆಯಾಡಿಸಿದ್ದ. ಆ ತಲೆಯಾಟ ಕೃಷ್ಣಾನಂದನಿಗೆ ಉರಿ ಹತ್ತಿಸಿತ್ತು. ಗುಂಡಿಯ ವಿಷಯ ಹೇಳಿದ್ದೂ ಅವಳೇ: ಅದು ಆ ಬದಿಗೆ ಸರಿದರೆ ಎಲ್ಲ ತಿರುವುಮುರುವು. ಎಳೆದರೆ ಓಡುತ್ತದೆ, ದೂಡಿದರೆ ನಿಲ್ಲುತ್ತದೆ.

ನಾಳೆ ಊರವರೆದುರು ದೂಡಲಿ ಅವಳು. ಇಂಜಿನ್ ಮಿಸುಕುವುದಿಲ್ಲ. ನಿಲ್ಲಿಸಲು ಹೋದರೆ ಎದ್ದು ಓಡುತ್ತದೆ. ಆಗ ಬೊಮ್ಮಯ್ಯ ಯಾರನ್ನು ಕರೆಯುತ್ತಾನೆ, ನೋಡುವಾ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಜನ ಸೇರಿದ್ದರು. ನೆರೆಮನೆಯ ಹನುಮಕ್ಕ ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಿಡಿದಿದ್ದಳು. ಇಂಜಿನ್ ಉಗಿ ಕಟ್ಟಿಕೊಂಡು ಸುಯ್ಯೆನ್ನುತ್ತಿತ್ತು. ಅರ್ಚಿತಾ ಮುಖ ಸಣ್ಣ ಮಾಡಿಕೊಂಡು ದೂರ ನಿಂತಿದ್ದಳು, ಬೊಮ್ಮಯ್ಯನ ಕಡೆ ನೋಡುತ್ತಲೂ ಇರಲಿಲ್ಲ. ಈಗಲೇ ಹೆದರಿದ್ದಾಳೆ ಎಂದು ಕೃಷ್ಣಾನಂದನಿಗೆ ಒಳಗೊಳಗೇ ಹಿತವಾಯಿತು.

ಬೊಮ್ಮಯ್ಯ ರಿಮೋಟು ಎತ್ತಿಕೊಂಡು ನೇರ ಅವನ ಬಳಿಗೇ ಬಂದ. "ತಕ."

"ನಂಗೆ ಎಂತಕ್ಕೆ?"

"ನಿಂಗೇ ಹೇಳಿ ಮಾಡ್ಸಿದ್ದು ಮಾರಾಯ. ಮಂಡಿ ಹಿಡ್ಕಂಡು ನೀ ಬಗ್ಗಿ ನಡೆಯೂದು ನೋಡೂಕೆ ಆಗ್ತಿಲ್ಲ. ಕೂತ್ಕಂಡು ಓಡ್ಸು. ನೀನಲ್ದೆ ಇದನ್ನ ಯಾರು ಓಡ್ಸೂದು?"

ಕೃಷ್ಣಾನಂದ ರಿಮೋಟು ತೆಗೆದುಕೊಂಡ. ನೆಲ ಬಾಯಿ ಬಿಡಬಾರದೇ ಅನ್ನಿಸುವಷ್ಟು ನಾಚಿಕೆ. ಗುಂಡಿಯನ್ನು ಹಿಂದಕ್ಕೆ ಸರಿಸೋಣವೆಂದರೆ ಎಲ್ಲರ ಕಣ್ಣೂ ಅವನ ಕೈ ಮೇಲಿತ್ತು. ಆದರೂ ಪರವಾಗಿಲ್ಲ. ತಿರುವುಮುರುವು ಆಗಿದ್ದು ಅವನಿಗೆ ಗೊತ್ತು, ಅವನೊಬ್ಬನಿಗೇ ಗೊತ್ತು. ಸರಿಯಾಗಿ ಓಡಿಸಿದರೆ ಆ ಹುಡುಗಿಯ ಮಾನ ಉಳಿಯುತ್ತದೆ, ಗೆಳೆಯನ ಮನಸ್ಸೂ ಉಳಿಯುತ್ತದೆ. ಆಮೇಲೆ ಸದ್ದಿಲ್ಲದೆ ಗುಂಡಿ ಸರಿಸಿದರಾಯಿತು. ಎಷ್ಟೋ ದಿನಗಳ ನಂತರ ಅವನಿಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ.

"ಹೊರಡ್ಸೂಕೆ ಮೇಲೆ ದೂಡಿ, ಕೃಷ್ಣಾನಂದಣ್ಣ" ಎಂದಳು ಅರ್ಚಿತಾ, ಮೆಲ್ಲಗೆ.

ಅವನು ಅವಳನ್ನು ನೋಡಿ ಅಕ್ಕರೆಯಿಂದ ತಲೆಯಾಡಿಸಿದ. ಕಡ್ಡಿಯನ್ನು ಕೆಳಗೆ ಎಳೆದ.

ಇಂಜಿನ್ ಅಲುಗಲಿಲ್ಲ. ಇನ್ನೂ ಎಳೆದ, ಕಡ್ಡಿ ತಳಕ್ಕೆ ತಾಗುವವರೆಗೂ ಎಳೆದ. ಉಗಿ ಸುಯ್ಯೆನ್ನುತ್ತಲೇ ಇತ್ತು. ಹನುಮಕ್ಕ ಕುತ್ತಿಗೆ ಉದ್ದ ಮಾಡಿ ನೋಡಿದಳು.

ಬೊಮ್ಮಯ್ಯ ಕಡ್ಡಿಯ ಮೇಲಿದ್ದ ಆ ಹೆಬ್ಬೆರಳನ್ನು ನೋಡಿದ. ಆಮೇಲೆ ಗೆಳೆಯನ ಮುಖವನ್ನು, ಬಹಳ ಹೊತ್ತು. ಅರ್ಚಿತಾಳ ಕಡೆ ತಿರುಗಿದ.

"ತಪ್ಪಾತು ತಂಗಿ" ಎಂದ. "ಗುಂಡಿ ಆ ಬದಿಗೆ ಸರಿದಿತ್ತು ಅಂತ ನಿನ್ನೆ ಸಂಜೆ ನಾನೇ ಸರಿ ಮಾಡಿಟ್ಟೆ, ನೀನೇ ಸರಿಸಿದ್ದು ಅಂದ್ಕಂಡು ಸುಮ್ಮನೆ ಫೋನ್ ಮಾಡಿ ನಿಂಗೆ ಬೈದೆ."